ವೆಂಟಿ ಎಂಬ ಇಪ್ಪತ್ತು: ಇಂಗ್ಲಿಷಿನ ಕಾಫಿ ಅಳತೆಗಳಲ್ಲಿ ಇಟಾಲಿಯನ್ ಪದಗಳು

ಅಮೆರಿಕದ ಕಾಫಿ ಅಂಗಡಿಯಲ್ಲಿ 'ಎ ವೆಂಟಿ ಲಾಟೆ' ಎಂದು ಕೇಳುವವರು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದಾರೆ. ಆದರೆ ಆ ಮಾತಿನಲ್ಲಿ ಮೂಲತಃ ಇಂಗ್ಲಿಷಿನದು ಮೊದಲ ಒಂದಕ್ಷರ ಮಾತ್ರ. ಉಳಿದೆರಡು ಪದಗಳನ್ನು ಇಟಾಲಿಯನ್ನರ ಕಿವಿಯಿಂದ ಕೇಳಿದರೆ 'ಇಪ್ಪತ್ತು ಹಾಲು' ಎಂದಾಗುತ್ತದೆ. ನೋಟಕ್ಕೆ ಎರಡೂ ಒಂದೇ ಬಗೆಯ ಎರವಲು ಪದಗಳು. ಅವು ಇಂಗ್ಲಿಷಿಗೆ ಬಂದ ದಾರಿಗಳು ಮಾತ್ರ ಬೇರೆ ಬೇರೆ. ಹಾಗಾಗಿ ಪಾನೀಯದ ಹೆಸರುಗಳನ್ನೂ ಅಳತೆಯ ಹೆಸರುಗಳನ್ನೂ ಒಂದೇ ಪಟ್ಟಿಗೆ ಸೇರಿಸುವುದು ಸರಿಯಲ್ಲ ಎಂಬುದು ಈ ಲೇಖನದ ವಾದ.

ಎಸ್ಪ್ರೆಸೊ, ಕಪುಚಿನೊ ಮುಂತಾದ ಹೆಸರುಗಳು ವಸ್ತುವಿನ ಜೊತೆಗೇ ಬಂದವು. 1901ರಲ್ಲಿ ಲುಯಿಜಿ ಬೆಜ್ಜೆರಾ ಮಿಲಾನಿನಲ್ಲಿ ಪೇಟೆಂಟ್ ಪಡೆದ ಹಬೆಯ ಯಂತ್ರ, ಆಮೇಲೆ ಅಕಿಲ್ಲೆ ಗಾಜಿಯಾನ ಸನ್ನೆಗೋಲಿನ ಯಂತ್ರ, ಇವುಗಳೊಂದಿಗೆ ವಲಸೆ ಬಂದ ಇಟಾಲಿಯನ್ನರು ಆ ಪದಗಳನ್ನು ಹೊತ್ತು ತಂದರು. ಲಂಡನ್ನಿನ ಸೋಹೊದಲ್ಲಿ 1953ರಲ್ಲಿ ಮೋಕಾ ಬಾರ್ ತೆರೆದಾಗ ಯಂತ್ರ, ಪಾನೀಯ, ಹೆಸರು ಮೂರೂ ಒಟ್ಟಿಗೇ ಗಿರಾಕಿಯ ಮುಂದೆ ಬಂದವು. ಪಿಯಾನೊ, ಅಂದಾಂತೆಯಂಥ ಸಂಗೀತದ ಮಾತುಗಳು ಅದಕ್ಕೆ ಬಹಳ ಹಿಂದೆಯೇ ಇಂಗ್ಲಿಷಿಗೆ ಸೇರಿದ್ದೂ ಹೀಗೆಯೇ, ವಿದ್ಯೆಯ ಜೊತೆಯಲ್ಲಿ.

ಅಳತೆಯ ಪದಗಳಿಗೆ ಇಂಥ ಪೂರ್ವಚರಿತ್ರೆಯಿಲ್ಲ. ಇಟಲಿಯ ಬಾರಿನಲ್ಲಿ ನಿಂತುಕೊಂಡು 'ಉನ್ ಕಫೆ' ಎಂದರೆ ಸುಮಾರು 25–30 ಮಿಲಿಲೀಟರ್ ಎಸ್ಪ್ರೆಸೊ ಬರುತ್ತದೆ. ಎಷ್ಟು ದೊಡ್ಡ ಲೋಟ ಎಂದು ಯಾರೂ ಕೇಳುವುದಿಲ್ಲ. ರಿಸ್ಟ್ರೆಟ್ಟೊ, ಲುಂಗೊ, ದೊಪ್ಪಿಯೊ ಎಂಬ ಭೇದಗಳಿವೆ, ನಿಜ. ಅವು ಹೇಳುವುದು ನೀರು ಎಷ್ಟು ಹಾಯಬೇಕು, ಪುಡಿ ಎಷ್ಟು ಬೀಳಬೇಕು ಎಂಬುದನ್ನು.

ಲೋಟಕ್ಕೆ ಹೆಸರಿಟ್ಟದ್ದು ಅಮೆರಿಕದ ಸಿಯಾಟಲ್‌ನಲ್ಲಿ. 1971ರಲ್ಲಿ ಅಲ್ಲಿ ಹುಟ್ಟಿದ ಸ್ಟಾರ್‌ಬಕ್ಸ್ ಮೊದಲಿಗೆ ಬೀಜ ಮಾರುವ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಹೋವರ್ಡ್ ಶುಲ್ಟ್ಸ್ 1983ರಲ್ಲಿ ಮಿಲಾನಿಗೆ ಹೋಗಿ ಅಲ್ಲಿನ ಬಾರುಗಳಿಗೆ ಮರುಳಾದರು. 1986ರಲ್ಲಿ 'ಇಲ್ ಜೊರ್ನಾಲೆ' ಎಂಬ ತಮ್ಮದೇ ಅಂಗಡಿ ತೆರೆದು, ಮರುವರ್ಷ ಸ್ಟಾರ್‌ಬಕ್ಸನ್ನೇ ಕೊಂಡರು. ಆಗಿನ ಅಳತೆಗಳು ಮೂರು: ಶಾರ್ಟ್ (8 ಔನ್ಸ್, ಅಂದರೆ 237 ಮಿ.ಲೀ.), ಟಾಲ್ (12 ಔನ್ಸ್), ಗ್ರಾಂಡೆ (16 ಔನ್ಸ್). ತೊಂಬತ್ತರ ದಶಕದಲ್ಲಿ 20 ಔನ್ಸಿನ, ಎಂದರೆ 591 ಮಿ.ಲೀ.ನ ವೆಂಟಿ ಸೇರಿತು. ಜಾಗ ಸಾಲದೆ ಶಾರ್ಟ್ ಬೆಲೆಪಟ್ಟಿಯಿಂದ ಇಳಿಯಿತು. ಕೇಳಿದವರಿಗೆ ಮಾತ್ರ ಸಿಗುವಂತಾಯಿತು. ಇದರಿಂದ 'ಎತ್ತರದ್ದು' ಎಂಬರ್ಥದ ಟಾಲ್ ಫಲಕದ ಮೇಲೆ ಎಲ್ಲಕ್ಕಿಂತ ಗಿಡ್ಡದ್ದಾಯಿತು, 'ದೊಡ್ಡದು' ಎಂಬರ್ಥದ ಗ್ರಾಂಡೆ ನಡುವಿನದಾಯಿತು. ಪದ ಬದಲಾಗಲಿಲ್ಲ, ಲೋಟವೂ ಬದಲಾಗಲಿಲ್ಲ. ಸಾಲಿನಲ್ಲಿ ಸ್ಥಾನ ಬದಲಾದದ್ದೇ ತಡ, ಅರ್ಥವೂ ಜಾರಿತು.

ವೆಂಟಿಯ ಕಥೆ ಇನ್ನೂ ಸ್ವಾರಸ್ಯದ್ದು. ಇಪ್ಪತ್ತು ಎಂದರೆ ಇಪ್ಪತ್ತು ಔನ್ಸ್. ಆದರೆ ಇಟಲಿಯಲ್ಲಿ ನಡೆಯುವುದು ಲೀಟರ್ ಲೆಕ್ಕ, ಔನ್ಸ್ ಅಲ್ಲಿಯವರಿಗೆ ಬೇಡದ ಮಾನ. ಸಂಖ್ಯೆ ಇಟಲಿಯದು, ಮಾನ ಅಮೆರಿಕದ್ದು. ಇಂಥ ಪದ ಯಾವ ಇಟಾಲಿಯನ್ನನ ಬಾಯಲ್ಲೂ ಹುಟ್ಟುವಂತಿರಲಿಲ್ಲ. ಮುಂದೆ ತಣ್ಣನೆಯ ಪಾನೀಯಗಳಿಗೆ ಮಂಜುಗಡ್ಡೆ ಹಿಡಿಯಲೆಂದು 24 ಔನ್ಸಿನ ಲೋಟ ಬಂದಾಗ ಅದನ್ನೂ ವೆಂಟಿ ಎಂದೇ ಕರೆದರು. ಅಲ್ಲಿಗೆ ಸಂಖ್ಯಾವಾಚಕ ತನ್ನ ಸಂಖ್ಯೆಯನ್ನು ಬಿಟ್ಟುಕೊಟ್ಟು ಗಾತ್ರವಾಚಕವಾಯಿತು. 2011ರಲ್ಲಿ ಬಂದ ಟ್ರೆಂಟಾ, ಅಂದರೆ ಮೂವತ್ತು, 31 ಔನ್ಸಿನದಾಗಿತ್ತು. ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇವು ರೂಪದಲ್ಲಿ ತತ್ಸಮ, ಅರ್ಥದಲ್ಲಿ ಅಲ್ಲ.

ಗ್ರಾಂಡೆ ನಿಜಕ್ಕೂ ಇಟಾಲಿಯನ್ನಿನದೆಂದೇ ಕೇಳಿಸುತ್ತದೆಯೆ? ಲ್ಯಾಟಿನ್ನಿನ ಒಂದೇ ಮೂಲದಿಂದ ಸ್ಪ್ಯಾನಿಷಿಗೂ ಅದೇ ರೂಪ ಇಳಿದಿದೆ, ರಿಯೊ ಗ್ರಾಂಡೆ ನದಿಯನ್ನು ಬಲ್ಲ ಅಮೆರಿಕನ್ನರಿಗೆ ಆ ಪದ ಕಾಫಿಗೆ ಮೊದಲೇ ಪರಿಚಿತ. 2008ರ 'ರೋಲ್ ಮಾಡೆಲ್ಸ್' ಚಿತ್ರದಲ್ಲಿ ಪಾತ್ರವೊಂದು ಈ ಗೊಂದಲವನ್ನೇ ಹಿಡಿದು ಅಂಗಡಿಯವಳೊಡನೆ ಜಗಳಕ್ಕೆ ನಿಲ್ಲುತ್ತದೆ; ಭಾಷಾಶಾಸ್ತ್ರ ಹಾಸ್ಯಚಿತ್ರದಲ್ಲಿ ಇಷ್ಟು ಚೆನ್ನಾಗಿ ಒದಗುವುದು ಅಪರೂಪ. 2006ರಲ್ಲಿ ಡಂಕಿನ್ ಡೋನಟ್ಸ್ ತನ್ನ ಜಾಹೀರಾತಿನಲ್ಲಿ ಇಂಥ ಮಾತಿಗೆ ಫ್ರೆಂಚ್ ಮತ್ತು ಇಟಾಲಿಯನ್ ಬೆರೆಸಿದ 'ಫ್ರಿಟಾಲಿಯನ್' ಎಂಬ ಹೆಸರಿಟ್ಟು ಗೇಲಿ ಮಾಡಿತು. ಅದರ ಸ್ವಂತ ಪಟ್ಟಿಯಲ್ಲಿ ಸ್ಮಾಲ್, ಮೀಡಿಯಂ, ಲಾರ್ಜ್ ಉಳಿದವು. ಬ್ರಿಟನ್ನಿನ ಕೋಸ್ಟಾ ಇಟಾಲಿಯನ್ ಮೂಲದ ಸಹೋದರರು ಕಟ್ಟಿದ ಸಂಸ್ಥೆ. ಅದು ಬಹುಕಾಲ ಬಳಸಿದ ಪ್ರೀಮೊ, ಮೀಡಿಯೊ, ಮಾಸ್ಸಿಮೊ ಬೇರೆಯದೇ ಸರಣಿ. ಎಂದರೆ ಎಸ್ಪ್ರೆಸೊ ಎಲ್ಲರ ಸೊತ್ತು, ವೆಂಟಿ ಒಂದು ಸಂಸ್ಥೆಯ ಒಳನುಡಿ.

ವ್ಯಾಕರಣದಲ್ಲಿ ಮಾತ್ರ ಎರಡು ಗುಂಪುಗಳೂ ಇಂಗ್ಲಿಷಿಗೆ ಸಮಾನವಾಗಿ ಶರಣಾಗಿವೆ. ಇಟಾಲಿಯನ್ನಿನಲ್ಲಿ ಗ್ರಾಂಡೆಯ ಬಹುವಚನ 'ಗ್ರಾಂದಿ'. ಅಂಗಡಿಯಲ್ಲಿ ಕೇಳಿಬರುವುದು 'ಟೂ ಗ್ರಾಂಡೇಸ್'. ಇಲ್ಲಿ ವಿಶೇಷಣವೇ ನಾಮಪದವಾಗಿ ಬಹುವಚನದ ಪ್ರತ್ಯಯ ಹೊತ್ತಿದೆ. ಪಾನೀಯದ ಹೆಸರೂ ಅಷ್ಟೇ, 'ಲಾಟೇಸ್'.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಬೆಂಗಳೂರಿನ ಹೋಟೆಲುಗಳ 'ಬೈಟು'. ಪದಗಳು ಇಂಗ್ಲಿಷಿನವು, ಬಳಕೆ ಇಂಗ್ಲಿಷಿನಲ್ಲಿಲ್ಲ. ಒಂದು ವ್ಯತ್ಯಾಸವಿದೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ರೂಢಿಯಿಂದ, ಗಿರಾಕಿ ಮತ್ತು ಮಾಣಿಯ ಮಾತುಕತೆಯಲ್ಲಿ ಬೈಟು ಬೆಳೆಯಿತು. ವೆಂಟಿಯನ್ನು ಮೊದಲು ಫಲಕದ ಮೇಲೆ ಬರೆದು ಆಮೇಲೆ ಗಿರಾಕಿಯ ಬಾಯಿಗೆ ಕಲಿಸಲಾಯಿತು.

ಅದೇ ಸ್ಟಾರ್‌ಬಕ್ಸ್ 2012ರಲ್ಲಿ ಟಾಟಾ ಜೊತೆಗೂಡಿ ಭಾರತಕ್ಕೆ ಬಂತು. ಇಲ್ಲಿಯವರು ಕುಡಿಯುವ ಕಾಫಿ ಚಿಕ್ಕದೆಂದು ಮುಂದೆ ಮನಗಂಡು 6 ಔನ್ಸಿನ, ಸುಮಾರು 177 ಮಿ.ಲೀ.ನ ಹೊಸ ಲೋಟ ತಂದಿತು. ಹೆಸರು 'ಪಿಕ್ಕೊ'. ಇಟಾಲಿಯನ್ನಿನಲ್ಲಿ ಚಿಕ್ಕದಕ್ಕೆ 'ಪಿಕ್ಕೊಲೊ' ಎನ್ನುತ್ತಾರೆ. 'ಪಿಕ್ಕೊ' ಎಂದರೆ ಶಿಖರ. ಸಾಲಿನ ತೀರ ಕೆಳಗಿನ ಲೋಟಕ್ಕೆ ಶಿಖರವೆಂಬ ಹೆಸರು ಬಿದ್ದಿದೆ. ಹಾಗಿದ್ದರೂ ಅದನ್ನು ಚಿಕ್ಕದೆಂದು ಓದಿಕೊಳ್ಳಲು ಯಾರಿಗೂ ತೊಡಕಾಗುವುದಿಲ್ಲ, ಏಕೆಂದರೆ ಪಟ್ಟಿಯಲ್ಲಿ ಅದರ ಎದುರಿಗಿರುವ ಬೆಲೆಯೇ ಎಲ್ಲಕ್ಕಿಂತ ಕಡಿಮೆ.