ಹಳೆಯ ಕಾರು ಒಮ್ಮೊಮ್ಮೆ ಚಾಲೂ ಆಗದಿದ್ದರೆ: ದೋಷ ಪತ್ತೆಯ ಕ್ರಮ

ಹಿಂಜವಾಡಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರಲ್ಲಿ ಊರಿನಿಂದ ತಂದ ಹಳೆಯ ಕಾರನ್ನೇ ಬಳಸುವವರುಂಟು. ವಾರವಿಡೀ ವಾಕಡ್ ಸೇತುವೆಯ ದಟ್ಟಣೆಯಲ್ಲಿ ತೆವಳುವ ಅದೇ ವಾಹನ, ಹಬ್ಬ ಬಂದೊಡನೆ ಖಂಬಾಟಕಿ ಘಾಟ್ ದಾಟಿ 300 ಕಿ.ಮೀ.ಗೂ ಮಿಕ್ಕ ದೂರದ ಬೆಳಗಾವಿಯನ್ನು ಮುಟ್ಟಬೇಕು. ಬೆಳಿಗ್ಗೆ ಮೊಂಡು ಹಿಡಿದ ಕಾರು ಗ್ಯಾರೇಜಿನಲ್ಲಿ ಮಾತ್ರ ಸಲೀಸಾಗಿ ಚಾಲೂ ಆಗುತ್ತದೆ. ಆಗ ಊಹೆಯ ಮೇಲೆ ಬ್ಯಾಟರಿ, ಪ್ಲಗ್, ಪಂಪ್ ಎಂದು ಒಂದೊಂದೇ ಬದಲಾಗಿ ಹಣ ಕರಗುತ್ತದೆ, ದೋಷ ಉಳಿಯುತ್ತದೆ.

ಆದ್ದರಿಂದ ಮೊದಲ ಉಪಕರಣ ಒಂದು ಪುಟ್ಟ ಟಿಪ್ಪಣಿ ಪುಸ್ತಕ. ತೊಂದರೆ ಕಂಡಾಗ ಎಂಜಿನ್ ತಣ್ಣಗಿತ್ತೇ, ಬಿಸಿಯಿತ್ತೇ, ಮಳೆಯಿತ್ತೇ, ಎಷ್ಟು ದಿನ ನಿಂತಿತ್ತು, ಸೆಲ್ಫ್ ತಿರುಗಿತೇ ಎಂಬುದನ್ನು ಬರೆದಿಡಬೇಕು.

ಸೆಲ್ಫ್ ತಿರುಗದಿದ್ದರೆ

ಬರಿಯ 'ಟಕ್' ಸದ್ದು ಬಂದರೆ ಬ್ಯಾಟರಿ, ಅದರ ಟರ್ಮಿನಲ್, ಅರ್ಥಿಂಗ್ ತಂತಿಗಳನ್ನು ನೋಡಿ. ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕುಸಿಯಬಾರದು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಬ್ಯಾಟರಿ ಸರಿಯಿದ್ದೂ ತೊಂದರೆ ಉಳಿದರೆ ಬಿಳಿಯ ಪುಡಿ ಕಟ್ಟಿದ ಟರ್ಮಿನಲ್, ಸಡಿಲ ಅರ್ಥಿಂಗ್ ಅಥವಾ ಸೆಲ್ಫಿನ ಸೊಲೆನಾಯ್ಡ್ ಕಾರಣವಿರಬಹುದು.

ತಿರುಗಿಯೂ ಹೊತ್ತಿಕೊಳ್ಳದಿದ್ದರೆ

ಇಂಧನ ಅಥವಾ ಕಿಡಿ, ಎರಡರಲ್ಲೊಂದು ತಪ್ಪಿದೆ. ಇಂಜೆಕ್ಷನ್ ಇರುವ ಬಹುತೇಕ ಕಾರುಗಳಲ್ಲಿ ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಸದ್ದು ಒಂದೆರಡು ಸೆಕೆಂಡು ಕೇಳಿಸುತ್ತದೆ. ಕೇಳಿಸದಿದ್ದರೆ ಫ್ಯೂಸ್, ರಿಲೇ, ಪಂಪ್ ಈ ಕ್ರಮದಲ್ಲಿ ಪರೀಕ್ಷಿಸಬೇಕು. ಬಿಸಿಯಾದಾಗ ಮಾತ್ರ ನಿಂತು, ಅರ್ಧ ಗಂಟೆ ತಣಿದ ಮೇಲೆ ಚಾಲೂ ಆದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಇಗ್ನಿಷನ್ ಕಾಯಿಲ್ ಮೇಲೆ ಸಂಶಯ ಪಡಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಣೆಯ ಮಳೆಯಲ್ಲಿ ಮಾತ್ರ ಕಾಡಿದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಪ್ಲಗ್ ತಂತಿಗಳಲ್ಲಿ ಬಿರುಕು ಹುಡುಕಿರಿ.

2025ರ ಹೊತ್ತಿಗೆ ದೇಶದ ಬಂಕ್‌ಗಳಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಗಿದೆ. ಎಥನಾಲ್ ತೇವವನ್ನು ಹೀರುತ್ತದೆ. ಹಳೆಯ ಕಾರುಗಳ ರಬ್ಬರ್ ನಳಿಕೆ, ಸೀಲುಗಳು ಈ ಪ್ರಮಾಣಕ್ಕೆಂದು ರೂಪಿಸಿದವಲ್ಲ. ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಇವನ್ನೂ ಪರೀಕ್ಷಿಸುವುದು ಒಳಿತು.

ಐಡ್ಲಿಂಗ್‌ನಲ್ಲಿ ನಡುಗಿದರೆ

ಎಕ್ಸಲರೇಟರ್ ಒತ್ತಿದೊಡನೆ ನಡುಕ ಮಾಯವಾದರೆ ಗಾಳಿಯ ಸೋರಿಕೆ ಇರಬಹುದು: ಇಂಟೇಕ್ ಮ್ಯಾನಿಫೋಲ್ಡಿನ ನಳಿಕೆಗಳಲ್ಲಿ 'ಹಿಸ್' ಎಂಬ ಸದ್ದನ್ನು ಆಲಿಸಿ. ಥ್ರಾಟಲ್ ಬಾಡಿಯಲ್ಲಿ ಇಂಗಾಲ ಕಟ್ಟಿದರೂ, ಐಡ್ಲ್ ನಿಯಂತ್ರಿಸುವ ವಾಲ್ವ್ ಸಿಲುಕಿದರೂ ಇದೇ ಲಕ್ಷಣ. ವೇಗದಲ್ಲೂ ಎಳೆತ ಕಡಿಮೆಯಾಗಿದ್ದರೆ ಅದು 'ಮಿಸ್ಸಿಂಗ್'. 1983ರ ಡಿಸೆಂಬರ್‌ನಿಂದ 2014ರ ಜನವರಿಯವರೆಗೆ ತಯಾರಾದ ಮಾರುತಿ 800ರ 796 ಸಿಸಿ ಎಂಜಿನ್ನಿಗೆ ಮೂರೇ ಸಿಲಿಂಡರ್. ಒಂದು ಕೈಕೊಟ್ಟರೂ ಇಡೀ ಕಾರು ಅದುರುತ್ತದೆ. ಪ್ಲಗ್‌ಗಳನ್ನು ಬಿಚ್ಚಿ ಹೋಲಿಸಿ: ತಿಳಿ ಕಂದು ಬಣ್ಣ ಆರೋಗ್ಯದ ಗುರುತು, ಒಣ ಕರಿ ಮಸಿ ಹೆಚ್ಚಿದ ಇಂಧನದ್ದು, ಎಣ್ಣೆಯ ಜಿಡ್ಡು ಸವೆದ ಎಂಜಿನ್ನಿನದು.

ಎಚ್ಚರಿಕೆ

ಎಂಜಿನ್ ಓಡುತ್ತಿರುವಾಗ ಪ್ಲಗ್ ತಂತಿಗಳನ್ನು ಮುಟ್ಟಬಾರದು. ಪೆಟ್ರೋಲ್ ವಾಸನೆ ಬಂದರೆ ಕೀಲಿ ತೆಗೆದು, ಸೋರಿಕೆ ಪತ್ತೆಯಾಗುವವರೆಗೆ ಚಾಲೂ ಮಾಡಬೇಡಿ. ಒಂದು ಭಾಗ ಬದಲಿಸಿದರೆ ಪರಿಣಾಮ ನೋಡಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಒಮ್ಮೊಮ್ಮೆ ಕಾಡುವ ದೋಷ ತಾನಾಗಿ ಗುಣವಾಗುವುದು ಅಪರೂಪ. ಕಾರಣ ತಿಳಿಯುವವರೆಗೆ ಮಕ್ಕಳು, ಹಿರಿಯರನ್ನು ಕೂರಿಸಿಕೊಂಡು ರಾತ್ರಿಯ ಘಾಟ್ ಪ್ರಯಾಣಕ್ಕೆ ಹೊರಡದಿರುವುದೇ ವಿವೇಕ. ಅಂತಹ ಹಬ್ಬಕ್ಕೆ ಊರಿನ ಬಸ್ಸೇ ಲೇಸು.