ಅಂಕಳಿಮಠದ ಗುಹೆಗಳು

ಚಿತ್ರದುರ್ಗಕ್ಕೆ ಸಮೀಪವಾದ ಚಂದ್ರವಳ್ಳಿಯ ಬಂಡೆಗಳ ಒಡಲಲ್ಲಿ ಅಂಕಳಿಮಠವೆಂಬ ಗುಹಾನಿವಾಸವಿರುವುದು. ಒಂದು ಕೋಣೆಯಿಂದ ಮತ್ತೊಂದಕ್ಕೆ ಮೆಟ್ಟಿಲುಗಳ ಮೂಲಕ ಇಳಿಯಬೇಕು. ಹಾಡುಹಗಲಿನಲ್ಲಿಯೂ ದೀಪವಿಲ್ಲದೆ ಮುಂದಡಿಯಿಡಲಾಗದು. ಒಳಗೆ ಲಿಂಗಪೂಜೆಯ ಸ್ಥಾನ, ಸ್ನಾನದ ಮನೆ, ಯೋಗಾಸನಕ್ಕೆ ತಕ್ಕ ಜಗಲಿಗಳು ಇವೆಲ್ಲವೂ ಉಂಟು. ಗೋಡೆಗಳಿಗೆ ನಯವಾದ ಗಾರೆಯನ್ನು ಬಳಿದಿರುವರು. ಶತ್ರುಭಯದಿಂದ ಅಡಗುವವನಿಗೆ ಪೂಜಾಗೃಹವೇಕೆ, ಗಾರೆಯ ನಯವೇಕೆ? ಆದುದರಿಂದ ಇದನ್ನು ಅರಸರ ಅಡಗುದಾಣವೆಂದು ತೋರಿಸುವವರ ಮಾತಿಗಿಂತಲೂ ‘ಮಠ’ವೆಂಬ ಜನರ ಮಾತೇ ಯುಕ್ತವಾದುದು. ಬೆಳಗಾವಿ ಸೀಮೆಯ ಅಂಕಲಗಿಯಿಂದ ಬಂದ ಗುರುಗಳು ಇಲ್ಲಿ ನೆಲಸಿದುದರಿಂದ ಈ ಹೆಸರಾಯಿತೆಂದು ಐತಿಹ್ಯ.

ಕಾಲನಿರ್ಣಯದಲ್ಲಿ ಮಾತ್ರ ಎಚ್ಚರವಿರಬೇಕು. ಸಮೀಪದ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವುಂಟು. ಅದು ಹೇಳುವುದು ಕೆರೆಯ ವಿಷಯವನ್ನು. ಡಾ|| ಎಂ. ಎಚ್. ಕೃಷ್ಣರವರು 1929ರಲ್ಲಿಯೂ ವೀಲರ್ ಸಾಹೇಬರು 1947ರಲ್ಲಿಯೂ ಅಗೆಯಿಸಿದ ಈ ಕಣಿವೆಯಲ್ಲಿ ಶಾತವಾಹನರ ನಾಣ್ಯಗಳೂ ರೋಮಕ ನಾಣ್ಯಗಳೂ ದೊರೆತಿವೆ. ಇವು ಊರಿನ ಪ್ರಾಚೀನತೆಗೆ ಸಾಕ್ಷಿಯೇ ಹೊರತು ಕೋಣೆಗಳ ಪ್ರಾಚೀನತೆಗಲ್ಲ. ಪಾಂಡವರ ಹೆಸರನ್ನು ತರುವ ಕಥೆಯಂತೂ ಬಂಡೆಯಿರುವೆಡೆಯೆಲ್ಲ ಕೇಳಿಬರುವುದೇ ಆಗಿದೆ. ಮಗ್ಗುಲ ಪಂಚಲಿಂಗಗುಹೆಯ ಬಾಗಿಲಲ್ಲಿ 1286ರ ಹೊಯ್ಸಳ ಶಾಸನವೊಂದಿರುವುದು. ಗುಹೆಗಳಿಗೆ ನಿಕಟವಾದ ಲಿಖಿತಸಾಕ್ಷ್ಯವು ಅದು. ಇಲ್ಲಿಯ ಶಿವಪೂಜೆಯು ಏಳುನೂರು ವರ್ಷಗಳಿಗೆ ಕಡಮೆಯದಲ್ಲವೆಂಬುದು ಅದರಿಂದ ಸ್ಪಷ್ಟವಾಗುವುದು.