ಇಪ್ಪತ್ತು ಮೀಟರಿನಿಂದ ಇನ್ನೂರು ಕಿಲೋಮೀಟರಿಗೆ

ಗಾಜಿನೊಳಗೆ ಹೊಕ್ಕ ಬೆಳಕಿನ ನೂರು ಪಾಲಿನಲ್ಲಿ ತೊಂಬತ್ತೊಂಬತ್ತು ಕಳೆದು ಒಂದೇ ಪಾಲು ಉಳಿಯುವ ಹೊತ್ತಿಗೆ ಅದು ಎಷ್ಟು ದೂರ ಸಾಗಿರುತ್ತದೆ? ಆಪ್ಟಿಕಲ್ ಫೈಬರಿನ ಅರವತ್ತು ವರ್ಷಗಳ ಚರಿತ್ರೆಯನ್ನು ಈ ಪ್ರಶ್ನೆಯ ಉತ್ತರ ಬದಲಾದ ಬಗೆಯಲ್ಲೇ ಓದಬಹುದು. 1960ರ ದಶಕದ ಮಧ್ಯದಲ್ಲಿ ಉತ್ತರ ಸುಮಾರು 20 ಮೀಟರ್. 1970ರಲ್ಲಿ 1 ಕಿಲೋಮೀಟರಿಗಿಂತ ತುಸು ಹೆಚ್ಚು. 1979ರಲ್ಲಿ 100 ಕಿ.ಮೀ. 2025ರಲ್ಲಿ ಅದು 200ನ್ನು ದಾಟಿತು. ಆದರೆ ಆ ಹೊತ್ತಿಗೆ ಬೆಳಕು ಸಾಗುತ್ತಿದ್ದ ಜಾಗದಲ್ಲಿ ಗಾಜೇ ಇರಲಿಲ್ಲ.

ಗಾಜಿನ ಎಳೆ ಬಾಗಿದರೂ ಬೆಳಕು ಅದರ ಒಳಗೋಡೆಗೆ ಬಡಿದು ಪ್ರತಿಫಲಿಸುತ್ತ ಮುಂದೆ ಹೋಗುತ್ತದೆಂಬುದು ಹಳೆಯ ತಿಳಿವಳಿಕೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಎಳೆಗಳ ಕಂತೆಯ ಮೂಲಕ ಚಿತ್ರ ಸಾಗಿಸಿ, 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ದೇಹದೊಳಗೆ ಇಣುಕುವ ಎಂಡೋಸ್ಕೋಪಿಗೆ ಅದು ದಾರಿಯಾಯಿತು. ದೂರಸಂಪರ್ಕಕ್ಕೆ ಮಾತ್ರ ಯಾರೂ ಅದನ್ನು ನೆಚ್ಚಲಿಲ್ಲ. ಇಪ್ಪತ್ತು ಮೀಟರಿನಲ್ಲಿ ಕರಗಿಹೋಗುವ ಬೆಳಕಿನಿಂದ ಊರಿಗೆ ಊರು ಬೆಸೆಯುವುದು ಹೇಗೆ?

1966ರಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿದ್ದ ಸ್ಟ್ಯಾಂಡರ್ಡ್ ಟೆಲಿಕಮ್ಯುನಿಕೇಶನ್ ಲ್ಯಾಬೊರೇಟರೀಸ್‌ನ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಬರೆದ ಪ್ರಬಂಧ ಈ ನಿರಾಶೆಯ ಬುಡಕ್ಕೇ ಕೈ ಹಾಕಿತು. ಬೆಳಕನ್ನು ನುಂಗುತ್ತಿರುವುದು ಗಾಜಿನ ಸ್ವಭಾವವಲ್ಲ, ಅದರಲ್ಲಿ ಸೇರಿಕೊಂಡ ಕಬ್ಬಿಣದಂಥ ಲೋಹಗಳ ಕಲ್ಮಶ ಎಂದರು ಅವರು. ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ, ಅಂದರೆ ಒಂದು ಕಿ.ಮೀ. ದಾಟಿದ ಮೇಲೆ ನೂರರಲ್ಲೊಂದು ಪಾಲು ಉಳಿದರೂ, ದೂರವಾಣಿ ಜಾಲ ಕಟ್ಟಬಹುದು ಎಂದು ಲೆಕ್ಕ ಕೊಟ್ಟರು. ಆಗಿನ ಗಾಜಿನ ನಷ್ಟ ಸುಮಾರು 1,000 ಡೆಸಿಬೆಲ್. ಈ ಕ್ಷೇತ್ರದ ದೊಡ್ಡ ತಿರುವು ಯಾವುದೆಂದು ಕೇಳಿದರೆ ನಾನು ತೋರಿಸುವುದು ಯಾವ ಯಂತ್ರವನ್ನೂ ಅಲ್ಲ, ಈ ಪ್ರಬಂಧವನ್ನು. ಬೆಳಕಿನ ಸಮಸ್ಯೆಯೆಂದು ಎಲ್ಲರೂ ಕೈಬಿಟ್ಟಿದ್ದನ್ನು ಅದು ಶುದ್ಧೀಕರಣದ ಸಮಸ್ಯೆಯಾಗಿಸಿತು, ಅದಕ್ಕೊಂದು ಗುರಿಯನ್ನೂ ನಿಗದಿ ಮಾಡಿತು. ಕಾವ್ ಅವರಿಗೆ ನೊಬೆಲ್ ಬರಲು 2009ರವರೆಗೆ ಕಾಯಬೇಕಾಯಿತು.

ಗುರಿ ಮುಟ್ಟಿದ್ದು ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಜ್. ಮರಳು ಕರಗಿಸಿ ಗಾಜು ಮಾಡುವ ರೂಢಿಯನ್ನೇ ಅವರು ಬಿಟ್ಟರು. ಸಿಲಿಕಾನಿನ ಕ್ಲೋರೈಡನ್ನು ಆವಿಯಾಗಿಸಿ, ಜ್ವಾಲೆಯಲ್ಲಿ ಸುಟ್ಟು, ಸಿಲಿಕಾದ ನುಣುಪು ಮಸಿಯಾಗಿ ಕೂರಿಸಿದರು. ಲೋಹಗಳ ಕ್ಲೋರೈಡುಗಳು ಅದೇ ಉಷ್ಣತೆಯಲ್ಲಿ ಸುಲಭವಾಗಿ ಆವಿಯಾಗವು, ಹಾಗಾಗಿ ಕಲ್ಮಶ ಹಿಂದೆಯೇ ಉಳಿಯುತ್ತದೆ. 1970ರಲ್ಲಿ ಅವರ ಎಳೆಯ ನಷ್ಟ 17 ಡೆಸಿಬೆಲ್. ಅದೇ ವರ್ಷ ಲೆನಿನ್‌ಗ್ರಾಡ್‌ನಲ್ಲಿ ಅಲ್ಫೆರೊವ್ ತಂಡ, ಬೆಲ್ ಲ್ಯಾಬ್ಸ್‌ನಲ್ಲಿ ಹಯಾಶಿ ಮತ್ತು ಪ್ಯಾನಿಶ್ ಕೋಣೆಯ ಉಷ್ಣತೆಯಲ್ಲೇ ಎಡೆಬಿಡದೆ ಬೆಳಗುವ ಅರೆವಾಹಕ ಲೇಸರ್ ಮಾಡಿದರು; ಎಳೆಗೆ ತಕ್ಕ ಬೆಳಕಿನ ಮೂಲವೂ ಸಿಕ್ಕಿತು.

ಮುಂದಿನ ಒಂಬತ್ತು ವರ್ಷದ್ದು ತರಂಗಾಂತರದ ಹುಡುಕಾಟ. ಗಾಜಿನಲ್ಲಿ ಬೆಳಕು ಚದುರುವುದು ತರಂಗಾಂತರ ಹೆಚ್ಚಿದಂತೆ ಬೇಗ ಬೇಗ ಕಡಿಮೆಯಾಗುತ್ತದೆ. ತೀರಾ ಹೆಚ್ಚಿದರೆ ಸಿಲಿಕಾವೇ ಬೆಳಕನ್ನು ಹೀರತೊಡಗುತ್ತದೆ. ಇವೆರಡರ ನಡುವಿನ ತಗ್ಗು ಕಣ್ಣಿಗೆ ಕಾಣದ 1,550 ನ್ಯಾನೋಮೀಟರಿನ ಹತ್ತಿರವಿದೆ. ಅಲ್ಲಿ ಜಪಾನಿನ ಎನ್‌ಟಿಟಿ ಸಂಶೋಧಕರು 1979ರಲ್ಲಿ 0.2 ಡೆಸಿಬೆಲ್ ಮುಟ್ಟಿದರು.

1988ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ ಟ್ಯಾಟ್-8 ಸುಮಾರು 40,000 ದೂರವಾಣಿ ಕರೆಗಳನ್ನು ಹೊತ್ತಿತು. ಆದರೆ ಸಮುದ್ರದ ತಳದಲ್ಲಿ ಅಲ್ಲಲ್ಲಿ ಬೆಳಕನ್ನು ವಿದ್ಯುತ್ತಾಗಿಸಿ, ತಿದ್ದಿ, ಮತ್ತೆ ಬೆಳಕಾಗಿಸುವ ಪೆಟ್ಟಿಗೆಗಳು ಬೇಕಿದ್ದವು. ವೇಗ ಹೆಚ್ಚಿಸಬೇಕೆಂದರೆ ಅವನ್ನೆಲ್ಲ ಬದಲಿಸಬೇಕು. ಈ ಕಟ್ಟು ಬಿಡಿಸಿದ್ದು ಎರ್ಬಿಯಂ. ಈ ವಿರಳ ಧಾತುವನ್ನು ಬೆರೆಸಿದ ಕೆಲವು ಮೀಟರ್ ಫೈಬರಿಗೆ ಬೇರೊಂದು ಲೇಸರಿನಿಂದ ಶಕ್ತಿ ಉಣಿಸಿದರೆ ಹಾದುಹೋಗುವ ಸಂಕೇತ ಬೆಳಕಾಗಿಯೇ ಹಿಗ್ಗುತ್ತದೆ. 1987ರಲ್ಲಿ ಸೌತಾಂಪ್ಟನ್ನಿನ ಡೇವಿಡ್ ಪೇನ್ ತಂಡ ಮತ್ತು ಬೆಲ್ ಲ್ಯಾಬ್ಸ್‌ನಲ್ಲಿ ಎಮ್ಮಾನ್ಯುಯೆಲ್ ದೆಸುರ್ವಿರ್ ಇದನ್ನು ತೋರಿಸಿದರು. ಎರ್ಬಿಯಂ ವರ್ಧಿಸುವುದು 1,550ರ ಆಸುಪಾಸಿನ ಬೆಳಕನ್ನೇ. ಗಾಜಿನ ನಷ್ಟ ಅತಿ ಕಡಿಮೆಯಿರುವುದೂ ಅಲ್ಲೇ. ನಿಸರ್ಗ ಇಷ್ಟು ಧಾರಾಳವಾಗುವುದು ಅಪರೂಪ.

ಒಂದೇ ವರ್ಧಕದಲ್ಲಿ ಹತ್ತಾರು ತರಂಗಾಂತರಗಳು ಒಟ್ಟಿಗೆ ಹಿಗ್ಗುವುದರಿಂದ 1990ರ ದಶಕದಲ್ಲಿ ಒಂದೇ ಎಳೆಯೊಳಗೆ ಹಲವು ಬಣ್ಣಗಳನ್ನು ಕಳಿಸುವ ಪದ್ಧತಿ ಹಬ್ಬಿತು. ಆಗೊಂದು ಪಾಠವೂ ಸಿಕ್ಕಿತು. ಫೈಬರಿನಲ್ಲಿ ತರಂಗಾಂತರಗಳ ವೇಗ ಒಂದೇ ಅಲ್ಲವಾದ್ದರಿಂದ ಸಂಕೇತದ ಮಿಡಿತ ಅಗಲವಾಗಿ ಕಲಸಿಹೋಗುತ್ತದೆ. ಇದನ್ನು ತಪ್ಪಿಸಲು 1,550ರಲ್ಲಿ ಈ ವೇಗವ್ಯತ್ಯಾಸವೇ ಇಲ್ಲದ ವಿಶೇಷ ಫೈಬರ್ ರೂಪಿಸಿ, ಜಪಾನಿನಲ್ಲಂತೂ ಹೇರಳವಾಗಿ ಹಾಸಿದ್ದರು. ಬಣ್ಣಗಳು ಹಲವಾದಾಗ ಅದೇ ಮುಳುವಾಯಿತು: ಎಲ್ಲವೂ ಜೊತೆಜೊತೆಯಾಗಿ ಸಾಗುತ್ತ ಪರಸ್ಪರ ಬೆರೆತು, ಬೇಡದ ಹೊಸ ಬಣ್ಣಗಳು ಹುಟ್ಟಿದವು. ಮಿಡಿತ ಕಲಸುವ ವೇಗವ್ಯತ್ಯಾಸವೇ ಬಣ್ಣಗಳನ್ನು ಬೇರೆಬೇರೆ ಇಡುವ ಕಾವಲೂ ಆಗಿತ್ತು.

2008ರ ಸುಮಾರಿಗೆ ಬಂದ ಕೊಹೆರೆಂಟ್ ಗ್ರಾಹಕಗಳು ಮಿಡಿತ ಕಲಸುವ ತೊಡಕನ್ನು ಚಿಪ್‌ನ ಲೆಕ್ಕಕ್ಕೆ ಒಪ್ಪಿಸಿದವು. ಬೆಳಕು ಇದೆ-ಇಲ್ಲ ಎಂದಷ್ಟೇ ನೋಡದೆ ಅದರ ಹಂತ, ಧ್ರುವೀಕರಣಗಳನ್ನೂ ಓದಿ, ಕಲಸಿದ್ದನ್ನು ಗಣಿತದಿಂದ ಬಿಡಿಸುತ್ತವೆ. ದಶಕಗಳ ಹಿಂದೆ ಹೂತಿಟ್ಟ ಸಾಮಾನ್ಯ ಫೈಬರ್ ಇಂದೂ ಹೊಸ ವೇಗಕ್ಕೆ ಒಗ್ಗುತ್ತಿರುವುದು ತುದಿಗಳ ಉಪಕರಣ ಬದಲಾಗುತ್ತಿರುವುದರಿಂದ. ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ತೇಜಸ್ ನೆಟ್‌ವರ್ಕ್ಸ್ ತಯಾರಿಸುವುದೂ ಇಂಥವನ್ನೇ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಭಾರತ್‌ನೆಟ್‌ಗೂ ಅದರ ಉಪಕರಣಗಳು ಹೋಗಿವೆ.

ಈಗ ಮಿತಿ ಮತ್ತೆ ಗಾಜಿಗೇ ಮರಳಿದೆ. ಬೆಳಕನ್ನು ಹೆಚ್ಚು ಪ್ರಖರಗೊಳಿಸಿದರೆ ಗಾಜಿನ ಗುಣವೇ ಬದಲಾಗಿ ಸಂಕೇತ ಕೆಡುತ್ತದೆ. ಸಾಮಾನ್ಯ ಎಳೆಯೊಂದು ಸೆಕೆಂಡಿಗೆ ಸುಮಾರು 100 ಟೆರಾಬಿಟ್‌ನ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ. ಒಂದು ದಾರಿ, ಅದೇ 0.125 ಮಿ.ಮೀ. ಎಳೆಯಲ್ಲಿ ಬೆಳಕು ಸಾಗುವ ಹಲವು ತಿರುಳುಗಳನ್ನು ಇಡುವುದು. ಜಪಾನಿನ ಎನ್‌ಐಸಿಟಿ 2022ರಲ್ಲಿ ನಾಲ್ಕು ತಿರುಳಿನ ಎಳೆಯಲ್ಲಿ 51.7 ಕಿ.ಮೀ. ದೂರಕ್ಕೆ 1 ಪೆಟಾಬಿಟ್, ಅಂದರೆ 1,000 ಟೆರಾಬಿಟ್ ಸಾಗಿಸಿತು. ಇನ್ನೊಂದು, ತಿರುಳಿನಿಂದ ಗಾಜನ್ನೇ ತೆಗೆಯುವುದು. ಫಿಲಿಪ್ ರಸೆಲ್ 1990ರ ದಶಕದಲ್ಲಿ ತೆರೆದ ಹಾದಿ ಇದು. ತೆಳುಗಾಜಿನ ಕೊಳವೆಗಳ ನಡುವಿನ ಪೊಳ್ಳಿನಲ್ಲಿ ಬೆಳಕು ಗಾಜಿನಲ್ಲಿಗಿಂತ ಸುಮಾರು ಒಂದೂವರೆ ಪಟ್ಟು ವೇಗವಾಗಿ ಹೋಗುತ್ತದೆ. 2025ರಲ್ಲಿ ಸೌತಾಂಪ್ಟನ್ ತಂಡ ಇದರ ನಷ್ಟವನ್ನು 0.091 ಡೆಸಿಬೆಲ್‌ಗೆ ಇಳಿಸಿತು. ಅತಿ ಶುದ್ಧ ಗಾಜಿನ ದಾಖಲೆ 0.14ರ ಹತ್ತಿರ ನಿಂತಿತ್ತು.

ಮೈಕ್ರೋಸಾಫ್ಟ್ 15,000 ಕಿ.ಮೀ. ಪೊಳ್ಳು ಫೈಬರ್ ಹಾಸುವುದಾಗಿ 2024ರಲ್ಲಿ ಪ್ರಕಟಿಸಿತು. ಮೈಕ್ರೋಸೆಕೆಂಡುಗಳಿಗೆ ಬೆಲೆಯಿರುವ ಡೇಟಾ ಸೆಂಟರುಗಳ ನಡುವೆ ಅದು ಮೊದಲು ಬೇರೂರುತ್ತದೆಂದು ನನ್ನ ಎಣಿಕೆ. ಸಮುದ್ರದಾಳದ ಕೇಬಲಿಗೆ ದಡದಿಂದಲೇ ವಿದ್ಯುತ್ ಹರಿಸಬೇಕು, ಅದು ಮಿತವಾದದ್ದು; ಅದನ್ನು ಹಲವು ತಿರುಳುಗಳಿಗೆ ಹಂಚುವುದೇ ಲಾಭ. ಎಳೆ ಹೊಸೆಯುವ, ಬೆಸೆಯುವ ಕೆಲಸವೂ ಪೊಳ್ಳು ಫೈಬರಿನಲ್ಲಿ ಇನ್ನೂ ಸೂಕ್ಷ್ಮ. ಹಾಗಾಗಿ ಕಡಲಿಗೆ ಮುಂಚೆ ಇಳಿಯುವುದು ಹಲವು ತಿರುಳಿನ ಗಾಜೇ.